ಜಿಂಕೆಗೆ ಯಾವ ಊರು?

ಮಳೆಗಾಲದಲ್ಲಿ ಸವಳಂಗದ ಚಹಾದಂಗಡಿ ಮುಂದೆ ನಿಂತರೆ ಒಂದೇ ಪುರಾಣ: ‘ರಾತ್ರಿ ಮೆಕ್ಕೆಜೋಳಕ್ಕೆ ಬಿದ್ದಿದ್ವು.’ ಬಿದ್ದದ್ದು ಹಂದಿಯಾದರೆ ಬಾಯಿ ತುಂಬ ಬೈಯಬಹುದು. ಜಿಂಕೆಯಾದರೆ ಬೈಯುವ ಮೊದಲು ಆಚೀಚೆ ನೋಡಬೇಕು. ಕೃಷ್ಣಮೃಗವಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಪಂಕ್ತಿಯಲ್ಲೇ ಕೂತಿದೆ.

ಹಿಂದೆ ಇಷ್ಟು ಮರ್ಯಾದೆ ಇರಲಿಲ್ಲ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯರ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಜಿಂಕೆ ಬೇಟೆಯನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದ. ಅರಸ ಹೊಡೆದರೆ ವಿನೋದ, ಬಿಳಿ ದೊರೆ ಹೊಡೆದರೆ ಶಿಕಾರಿ, ಬೇಡ ಹೊಡೆದರೆ ಕಳ್ಳಬೇಟೆ. ಸತ್ತ ಜಿಂಕೆಗೆ ಮಾತ್ರ ಈ ವ್ಯಾಕರಣ ತಿಳಿಯಲಿಲ್ಲ.

ಆ ದೊರೆಗಳ ಕಾಲದಲ್ಲೇ ನಮ್ಮ ಚುಕ್ಕೆ ಜಿಂಕೆ ಹಡಗು ಹತ್ತಿತು. ಅಂಡಮಾನಿಗೆ ಬ್ರಿಟಿಷರೇ ಒಯ್ದು ಬಿಟ್ಟರು. 1868ರಲ್ಲಿ ಹಾಂಗ್‌ಕಾಂಗ್ ಮಾರ್ಗವಾಗಿ ಹವಾಯಿಯ ಐದನೇ ಕಮೆಹಮೆಹ ದೊರೆಗೆ ಉಡುಗೊರೆಯಾಗಿ ಹೋಯಿತು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಮೇಯ್ದವು, ಬೆಳೆದವು. ಈಗ ಅಲ್ಲಿನ ಸರಕಾರವೇ ‘ಹೊಡೆಯಿರಿ’ ಎನ್ನುತ್ತಿದೆ. ಪರದೇಶಿ ಪ್ರಾಣಿಯಂತೆ, ನಾಡಿನ ಗಿಡಮರ ಹಾಳು ಮಾಡುತ್ತದಂತೆ. ಸರಿ, ಒಪ್ಪೋಣ.

ತವರಿನ ಕಥೆ ಕೇಳಿ. ಸವಳಂಗದ ಹೊಲದಲ್ಲಿ ತಲೆಯೆತ್ತಿ ನಿಂತ ಮೆಕ್ಕೆಜೋಳದ ಮೂಲ ಅಮೆರಿಕ. ಹೊನ್ನಾಳಿ ದಾಟಿ ರಾಣೆಬೆನ್ನೂರಿಗೆ ಹೋದರೆ, ಕೃಷ್ಣಮೃಗಕ್ಕೆಂದೇ 1974ರಲ್ಲಿ ಸಾರಿದ ಅಭಯಾರಣ್ಯ. ಒಳಗೆ ಕಣ್ಣು ಹಾಯಿಸಿದಷ್ಟೂ ನೀಲಗಿರಿ ತೋಪು! ಹೆಸರು ನೀಲಗಿರಿ, ಹುಟ್ಟೂರು ಆಸ್ಟ್ರೇಲಿಯ. ಹುಲ್ಲು ಮೇಯುವ ಪ್ರಾಣಿಗೆ ಮುಲಾಮಿನ ವಾಸನೆಯ ಎಲೆ. ನೆಗಡಿಯಾದ ಮೃಗಗಳಿಗಷ್ಟೇ ಉಪಯೋಗ. ಉಳಿದವು ಹೊಲಕ್ಕೆ ಬಾರದೆ ಎಲ್ಲಿಗೆ ಹೋಗಬೇಕು?

ಅಂತೂ ಮೆಕ್ಕೆಜೋಳ ನಮ್ಮದಾಯಿತು, ನೀಲಗಿರಿಯೂ ನಮ್ಮದಾಯಿತು. ಸೋಮೇಶ್ವರನಿಗಿಂತ ಮೊದಲಿನಿಂದಲೂ ಇಲ್ಲೇ ಇದ್ದ ಜಿಂಕೆ ಮಾತ್ರ ಒತ್ತುವರಿದಾರ. ಪಹಣಿಯಲ್ಲಿ ಅದರ ಹೆಸರಿಲ್ಲವಲ್ಲ!

ರೈತನನ್ನು ನಾನು ಬೈಯಲಾರೆ. ಬೀಜ, ಗೊಬ್ಬರಕ್ಕೆ ಸಾಲ ಮಾಡಿ, ಅಟ್ಟಣಿಗೆ ಮೇಲೆ ತಗಡು ಬಡಿಯುತ್ತ ನಿದ್ದೆಗೆಟ್ಟವನಿಗೆ ಪರಿಸರದ ಉಪದೇಶ ಮಾಡುವ ಧೈರ್ಯ, ಬೆಳಗ್ಗೆ ಎಂಟರವರೆಗೆ ಮಲಗುವ ನಮ್ಮಂಥವರಿಗೆ ಇರಬಾರದು. ನೀಲಗಿರಿ ನೆಡಿ ಎಂದವನು ಅವನಲ್ಲ. ಕೋವಿ ಎತ್ತುವಂತಿಲ್ಲ, ಪಟಾಕಿಗೆ ಪ್ರಾಣಿಗಳು ಹೆದರುವುದು ಬಿಟ್ಟಿವೆ. ಉಳಿದದ್ದು ಹೊಲದ ಸುತ್ತ ಹಳೇ ಸೀರೆ ಕಟ್ಟುವುದು. ಓದುಗರ ಮನೆಯಲ್ಲಿ ಉಡದೆ ಬಿದ್ದ ಸೀರೆಗಳಿದ್ದರೆ ಸವಳಂಗದ ಕಡೆ ಕಳಿಸಿಕೊಡಿ. ಬಣ್ಣ ಸ್ವಲ್ಪ ಗಾಢವಾಗಿರಲಿ.