ಮೇಘರಾಯರ ಸನ್ನಿಧಾನಕ್ಕೆ ಜೈನಾಪುರದಿಂದ ಒಂದು ಬಹಿರಂಗ ಪತ್ರ

ಮುಕ್ಕಾಂ ಜೈನಾಪುರ, ವಿಜಯಪುರ ಜಿಲ್ಲೆ

ಆಕಾಶದಲ್ಲಿ ಇಲ್ಲದೆಯೂ ಮೇಘವೆನಿಸಿಕೊಂಡು, ಒಂದು ಹನಿಯನ್ನೂ ಸುರಿಸದೆ ತಿಂಗಳು ತಿಂಗಳೂ ಬಾಡಿಗೆಯನ್ನು ಪಡೆಯುತ್ತಿರುವ ಶ್ರೀಮನ್ಮೇಘರಾಯರ ಸನ್ನಿಧಾನಕ್ಕೆ, ನಿವೃತ್ತ ಶಾಲಾಮಾಸ್ತರನೂ ನಾಲ್ಕು ಎಕರೆ ದ್ರಾಕ್ಷಿಯ ಒಡೆಯನೂ (ಸಾಲದ ಪುಸ್ತಕವನ್ನು ತೆರೆದು ನೋಡಿದರೆ ಒಡೆತನದ ಮಾತು ಕೊಂಚ ಅತಿಶಯೋಕ್ತಿಯೇ) ಆದ ಈ ವಿಧೇಯನು ಮಾಡುವ ಪ್ರಣಾಮಗಳು. ನಮ್ಮ ಮನೆಯ ಹನ್ನೊಂದು ಸಾವಿರ ಭಾವಚಿತ್ರಗಳು ತಮ್ಮಲ್ಲಿವೆಯೆಂದು ಬೆಂಗಳೂರಿನಲ್ಲಿರುವ ನನ್ನ ಮಗನು ಹೇಳುತ್ತಾನೆ. ಅವು ಕ್ಷೇಮವಾಗಿವೆಯೇ ಎಂದು ವಿಚಾರಿಸುವುದಕ್ಕೂ, ಬಹುದಿನಗಳಿಂದ ಮನಸ್ಸಿನಲ್ಲಿದ್ದ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುವುದಕ್ಕೂ ಈ ಓಲೆ.

ಮೊದಲಿಗೇ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಅರುಹಬೇಕು: ತಮ್ಮ ನಾಮಧೇಯವು ನಮ್ಮ ಸೀಮೆಯಲ್ಲಿ ವಿಶ್ವಾಸವನ್ನು ಹುಟ್ಟಿಸತಕ್ಕದ್ದಲ್ಲ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ ಕುಳಿತಿರುವ ನಾವು, ಮೃಗಶಿರೆಯಿಂದ ಹಸ್ತದವರೆಗೆ ಮುಗಿಲನ್ನು ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡವರು; ಕಪ್ಪಾಗಿ ಕವಿದ ಮೋಡವು ಹೊಲದ ಬದುವಿನವರೆಗೆ ಬಂದು, ಏನನ್ನೋ ಮರೆತುಬಂದವರಂತೆ ತಿಕೋಟೆಯ ಕಡೆಗೆ ತಿರುಗಿ, ಅಲ್ಲಿಯೂ ಸುರಿಯದೆ ಮಾಯವಾದುದನ್ನು ಎಷ್ಟೋ ಸಲ ಕಂಡವರು. 2017ರಲ್ಲಿ ಸರ್ಕಾರದವರು ‘ವರ್ಷಧಾರಿ’ ಎಂಬ ಹೆಸರಿನಿಂದ ವಿಮಾನವನ್ನೇ ಹಾರಿಸಿ ಮೋಡಬಿತ್ತನೆ ಮಾಡಿದ್ದು ತಮಗೆ ಸ್ಮರಣೆಯಲ್ಲಿರಬಹುದು. ಭೂಮಿಯನ್ನು ಬಿತ್ತಿ ಮೇಘವನ್ನು ಬೇಡುತ್ತಿದ್ದವರು ಕಡೆಗೆ ಮೇಘವನ್ನೇ ಬಿತ್ತಬೇಕಾಯಿತು. ಆದುದರಿಂದ, ಚಿತ್ರಗಳನ್ನೆಲ್ಲ ಕ್ಲೌಡಿನಲ್ಲಿ ಇಟ್ಟುಬಿಟ್ಟರೆ ಚಿಂತೆಯಿಲ್ಲವೆಂದು ಮಗನು ಫೋನಿನಲ್ಲಿ ಹೇಳಿದಾಗ, ರೊಟ್ಟಿ ಬಡಿಯುತ್ತಿದ್ದ ಅವನ ತಾಯಿಯು ಕೈಯನ್ನು ನಿಲ್ಲಿಸದೆಯೇ, “ನಮ್ಮ ಕಡಿ ಮ್ವಾಡಾ ನಂಬಿ ಯಾರರೆ ಉದ್ಧಾರ ಆಗ್ಯಾರೇನ್ರಿ?” ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಳಿದಾಸನ ಯಕ್ಷನು ಮೇಘಕ್ಕೆ ಒಪ್ಪಿಸಿದ್ದು ಒಂದು ಸಂದೇಶವನ್ನು ಮಾತ್ರ. ನಾವಾದರೋ ಮನೆತನವನ್ನೇ ಒಪ್ಪಿಸಿದೆವು, ಅದೂ ಓದದ ಕರಾರುಪತ್ರಕ್ಕೆ ‘ಒಪ್ಪಿದೆ’ ಎಂದು ಬೆರಳೊತ್ತಿ.

ತಮ್ಮ ಪ್ರತಿಸ್ಪರ್ಧಿಯಾದ ಹಾರ್ಡ್‌ಡಿಸ್ಕನ್ನು ಹೊಗಳುವುದಕ್ಕಾಗಿ ಈ ಮಾತನ್ನು ಎತ್ತಿದೆನೆಂದು ಭಾವಿಸಬಾರದು. ಆ ಕರಿಯ ಡಬ್ಬಿಯ ಚರಿತ್ರೆಯೂ ನನಗೆ ಚೆನ್ನಾಗಿ ಗೊತ್ತಿದೆ. ಒಂದು ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಮಗನು ತಂದುಕೊಟ್ಟಾಗ ನಾವು ಅದನ್ನು ಹಳೆಯ ಇಳಕಲ್ಲ ಸೀರೆಯ ಸೆರಗಿನಲ್ಲಿ ಸುತ್ತಿ, ಜಮೀನಿನ ಕಾಗದಪತ್ರಗಳಿರುವ ಟ್ರಂಕಿನಲ್ಲಿಟ್ಟು ಬೀಗವನ್ನು ಹಾಕಿದೆವು. ಅದರೊಳಗೆ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯೊಂದಿದೆಯೆಂಬುದನ್ನೂ, ಆ ತಟ್ಟೆಯ ಮೇಲೆ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟೂ ಅಂತರವಿಲ್ಲದೆ ಓದುವ ತಲೆಯೊಂದು ತೇಲುತ್ತದೆಯೆಂಬುದನ್ನೂ ಆಗ ನಾನು ಅರಿತವನಲ್ಲ. ಪಂಚಮಿಯ ಹಿಂದಿನ ದಿನ, ಇಡೀ ಮನೆಯು ಶೇಂಗಾ ಉಂಡೆಯ ಬೆಲ್ಲದ ವಾಸನೆಯಲ್ಲಿ ಮುಳುಗಿದ್ದಾಗ, ಚಿತ್ರಗಳನ್ನು ನೋಡಲೆಂದು ಟ್ರಂಕಿನಿಂದ ತೆಗೆದು ಜೋಡಿಸಿದ್ದ ಡಬ್ಬಿಯ ವಾಯರಿಗೆ ಮೊಮ್ಮಗಳು ಓಡುವ ಭರದಲ್ಲಿ ಕಾಲು ತೊಡರಿಸಿದಳು. ಡಬ್ಬಿಯು ಹೊರಸಿನಿಂದ ಫರಸಿಯ ಮೇಲೆ ಬಿದ್ದಿತು. ಅಷ್ಟು ಎತ್ತರದಿಂದ ಬಿದ್ದರೆ ಹಿತ್ತಾಳೆಯ ತಂಬಿಗೆಗೂ ಡೊಂಕು ಬೀಳದು. ಡಬ್ಬಿಯ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಮರಳಿ ಜೋಡಿಸಿದಾಗ ಒಳಗಿನಿಂದ ಟಿಕ್ ಟಿಕ್ ಎಂದು, ಗೋಡೆಯ ಹಲ್ಲಿ ಲೊಚಗುಟ್ಟುವಂತೆ, ಒಂದು ಸದ್ದು ಮಾತ್ರ ಬಂದಿತು. ವಿಜಯಪುರದ ಅಂಗಡಿಯ ಹುಡುಗನು ಅದನ್ನು ಕಿವಿಗೆ ಹಿಡಿದು, ವೈದ್ಯನು ನಾಡಿಯನ್ನು ನೋಡುವಂತೆ ಕ್ಷಣಕಾಲ ಸುಮ್ಮನಿದ್ದು, “ಅಜ್ಜಾರ, ಹೆಡ್ ಹೋಗೇತ್ರಿ” ಎಂದನು. ತಲೆ ಹೋದ ಮೇಲೆ ಮುಂಡಕ್ಕೆ ಚಿಕಿತ್ಸೆಯುಂಟೇ ಎಂದು ಕೇಳಿದೆ. ಉಂಟಂತೆ, ಬೆಂಗಳೂರಿನಲ್ಲಿ, ಅದಕ್ಕೆ ಆಗುವ ವೆಚ್ಚವನ್ನು ಅವನು ಹೇಳಿದಾಗ ಆ ವರ್ಷದ ಒಣದ್ರಾಕ್ಷಿಯ ಪೇಟೆಧಾರಣೆಯು ಕಣ್ಣ ಮುಂದೆ ಬಂದು ನಿಂತಿತು.

ಹೀಗೆ ಡಬ್ಬಿಯಿಂದ ವಿಮುಖನಾಗಿ, ಶರಣಾಗತನಾಗಿ, ನಾನು ತಮ್ಮ ಕಡೆಗೆ ಬಂದವನು. ನಮ್ಮಲ್ಲಿ ನೆಟ್‌ವರ್ಕು ಸಮೃದ್ಧವಾಗಿ ದೊರಕುವ ಸ್ಥಳವೆಂದರೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಏಣಿಯ ಮೇಲಿನ ಮೆಟ್ಟಿಲು. ಅಲ್ಲಿ ಕುಳಿತು, ರಾತ್ರಿ ಹನ್ನೊಂದರ ಮೇಲೆ, ಒಂದೊಂದು ಚಿತ್ರವೂ ಸ್ವರ್ಗಾರೋಹಣ ಮಾಡುವುದನ್ನು ಕಾಯುತ್ತಿದ್ದೆನು. ಆ ದಿನಗಳಲ್ಲಿ ತಮ್ಮ ಬಳಗದ ಔದಾರ್ಯವು ಎಲ್ಲರ ಬಾಯಲ್ಲಿಯೂ ಇತ್ತು. ಗೂಗಲ್ ಫೋಟೋಸ್ ಎಂಬುದು 2015ರಲ್ಲಿ ಆರಂಭವಾದಾಗ, ಗಾತ್ರವನ್ನು ತುಸು ಕುಗ್ಗಿಸಲು ಒಪ್ಪಿದರೆ ಎಷ್ಟು ಚಿತ್ರಗಳನ್ನಾದರೂ ಉಚಿತವಾಗಿ ಇಡಬಹುದೆಂದಿತ್ತು. 2021ರ ಜೂನ್ 1ರಿಂದ ಅದು ನಿಂತು, ಹೊಸ ಚಿತ್ರಗಳೂ ಅಂಚೆಯೂ ಕಡತಗಳೂ ಕೂಡಿ 15 ಜಿಬಿಯಲ್ಲಿ ಒಕ್ಕಲಿರಬೇಕಾಯಿತು. ಇದರಲ್ಲಿ ಮೋಸವೇನೂ ಇಲ್ಲ, ಮುಂಚಿತವಾಗಿಯೇ ತಿಳಿಸಿದ್ದರು. ಉಚಿತವಾಗಿ ಉಣಿಸಿದ ಧರ್ಮಛತ್ರದವರು ಒಂದು ದಿನ ಎಲೆಗೆ ದರ ಕಟ್ಟಿದರೆ ಉಂಡವರು ಮುನಿಯುವುದು ನ್ಯಾಯವಲ್ಲವಷ್ಟೆ. ಆದರೆ ಉಂಡವನಿಗೆ ಎದ್ದು ಹೋಗುವ ಸ್ವಾತಂತ್ರ್ಯವಾದರೂ ಇದೆ. ಇಲ್ಲಿ ನಮ್ಮ ಸತ್ತ ಹಿರಿಯರೂ ಹುಟ್ಟಿದ ಮಕ್ಕಳೂ ಒಳಗಿನ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ.

ಬಾಡಿಗೆಯ ವಿಷಯ ಅಂತಿರಲಿ. ನನ್ನನ್ನು ನಿಜವಾಗಿ ನೋಯಿಸಿದ್ದು ಇನ್ನೊಂದು. ಫೋನಿನಲ್ಲಿ ಜಾಗವಿಲ್ಲವೆಂಬ ಎಚ್ಚರಿಕೆ ಬಂದಾಗ, ಎಲ್ಲವೂ ಮೇಲೆ ತಮ್ಮಲ್ಲಿ ಭದ್ರವಾಗಿದೆಯೆಂಬ ಭರವಸೆಯಿಂದ, ಸೊಸೆಯ ಕುಬಸದ ಚಿತ್ರಗಳನ್ನು ಫೋನಿನಿಂದ ಅಳಿಸಿದೆನು. ತಾವೂ ಅಳಿಸಿದಿರಿ! ನಮ್ಮ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಏನನ್ನು ಕೂಗಿದರೂ ಅದು ಏಳೇಳು ಸಲ ಮರುನುಡಿಯುತ್ತದೆ. ಹರಸಿದರೆ ಹರಕೆ, ಬೈದರೆ ಬೈಗುಳ. ಫೋನೂ ತಾವೂ ಸದಾ ಒಂದಾಗಿರಬೇಕೆಂಬ ಆ ‘ಸಿಂಕ್’ ಎಂಬ ವ್ಯವಸ್ಥೆಯು ಇಂಥ ಗುಮ್ಮಟವೇ ಹೊರತು ಕಣಜವಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಅಳಿಸಿದ್ದು ತಮ್ಮ ಬಳಗದ ಕಸದ ಬುಟ್ಟಿಯಲ್ಲಿ ಕೆಲವರಲ್ಲಿ 30 ದಿನ, ಕೆಲವರಲ್ಲಿ 60 ದಿನ ಇರುವುದುಂಟಂತೆ. ನಾನು ಹುಡುಕಿಕೊಂಡು ಹೋದದ್ದು ನಾಲ್ಕನೆಯ ತಿಂಗಳಲ್ಲಿ, ಕೂಸಿನ ತೊಟ್ಟಿಲು ಕಟ್ಟುವ ಹೊತ್ತಿಗೆ.

ಇನ್ನು ತಮ್ಮ ಸ್ವರೂಪದ ವಿಚಾರ. ಮೇಘವೆಂದರೆ ನಿರಾಕಾರ, ಸರ್ವವ್ಯಾಪಿ, ಅವಿನಾಶಿ ಎಂಬಂತೆ ಜಾಹೀರಾತುಗಳು ವರ್ಣಿಸುತ್ತವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಕಟ್ಟಡವೊಂದು ಸುಟ್ಟುಹೋದಾಗ ತಿಳಿದುಬಂದದ್ದೇನೆಂದರೆ, ಮೇಘಕ್ಕೂ ಗೋಡೆಗಳಿವೆ, ವಿದ್ಯುತ್ತಿನ ವಾಯರುಗಳಿವೆ; ಅದರ ಹೊಟ್ಟೆಯಲ್ಲಿರುವುದೂ ನನ್ನ ಟ್ರಂಕಿನಲ್ಲಿದ್ದ ಡಬ್ಬಿಯ ಅಣ್ಣತಮ್ಮಂದಿರೇ. ದೂರದವರ ಮನೆಯಲ್ಲಿ ಒಡವೆಯನ್ನಿಡುವುದು ವಿಜಯಪುರದವರಿಗೆ ಹೊಸದೂ ಅಲ್ಲ. ಆದಿಲ್‌ಶಾಹಿಗಳ ಕಾಲದ ಹಸ್ತಪ್ರತಿಗಳಲ್ಲಿ, 1686ರಲ್ಲಿ ಔರಂಗಜೇಬನು ಊರನ್ನು ಗೆದ್ದ ಮೇಲೂ ಆಸಾರ್ ಮಹಲಿನಲ್ಲಿ ಉಳಿದುಕೊಂಡಿದ್ದವುಗಳನ್ನು 1853ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆ ಸಾಗಿಸಲಾಯಿತು. ಅಲ್ಲಿ ಗೆದ್ದಲಿಲ್ಲ, ಸೋರುವ ಮಾಳಿಗೆಯಿಲ್ಲ; ಕ್ಷೇಮವಾಗಿವೆ. ನೋಡಬೇಕಾದರೆ ಮಾತ್ರ ವೀಸಾ ಬೇಕು.

ಅದೇ ವಿಜಯಪುರದಲ್ಲಿ ಇನ್ನೊಬ್ಬರಿದ್ದರು: ವಕೀಲರಾದ ಫ. ಗು. ಹಳಕಟ್ಟಿಯವರು. ಶರಣರ ವಚನಗಳ ತಾಳೆಗರಿಯ ಕಟ್ಟುಗಳು ಮನೆಮನೆಯ ಜಗಲಿಯ ಮೇಲೆ ವಿಭೂತಿ, ಪತ್ರೆಗಳನ್ನು ಏರಿಸಿಕೊಂಡು, ಯಾರೂ ಬಿಚ್ಚಿ ಓದದೆ, ಹುಳುಗಳಿಗೆ ನೈವೇದ್ಯವಾಗುತ್ತಿದ್ದ ಕಾಲದಲ್ಲಿ, ಆ ಪುಣ್ಯಪುರುಷರು ಊರೂರು ಅಲೆದು, ಬೇಡಿ ತಂದು, ಪ್ರತಿಮಾಡಿಕೊಂಡು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಮಾಡಿಸಿದರು, ಬಳಿಕ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅವರು ಹಸ್ತಪ್ರತಿಗಳನ್ನು ಇನ್ನೂ ಗಟ್ಟಿಯಾದ ಪೆಟ್ಟಿಗೆಯಲ್ಲಿಡಲಿಲ್ಲ; ಮೇಘಕ್ಕೂ ಏರಿಸಲಿಲ್ಲ. ಒಂದನ್ನು ಸಾವಿರವಾಗಿ ಮಾಡಿ ಸಾವಿರ ಮನೆಗಳಿಗೆ ಹಂಚಿದರು. ಯಾವ ಮನೆಗೆ ಬೆಂಕಿ ಬಿದ್ದರೂ ಇನ್ನೊಂದು ಮನೆಯಲ್ಲಿ ವಚನವಿರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂದು ಇಂದಿನ ಛಾಯಾಗ್ರಾಹಕರು ಹೇಳುವ ಸೂತ್ರವನ್ನು ಮಗನು ನನಗೆ ಬೋಧಿಸಿದಾಗ, ಇದು ನಮ್ಮೂರ ವಕೀಲರ ಸೂತ್ರವಲ್ಲವೇ ಎಂದು ನಾನು ಜಂಬದಿಂದ ಹೇಳಿದೆನು.

ಅದರಂತೆ ನಡೆಯಲು ಹೊರಟು, ಮೂರು ರಾತ್ರಿ ಕುಳಿತು ಹನ್ನೊಂದು ಸಾವಿರವನ್ನೂ ನೋಡಿದೆನು, ನಾಚಿಕೆಯಾಯಿತು. ನಾಲ್ಕು ಸಾವಿರದಷ್ಟು ಗುಲಾಬಿಯೊಡನೆ ಬಂದ ಶುಭೋದಯಗಳು. ಕಾರಹುಣ್ಣಿಮೆಯ ಎತ್ತುಗಳು ಇನ್ನೂರು ಭಂಗಿಗಳಲ್ಲಿ. ರೋಗ ಬಿದ್ದ ದ್ರಾಕ್ಷಿ ಎಲೆಗಳು, ಔಷಧದ ಅಂಗಡಿಯವನಿಗೆ ಕಳುಹಿಸಿದವು. ನನ್ನದೇ ಹೆಬ್ಬೆರಳು, ಅನೇಕ ಸಲ. ಇವುಗಳಿಗೆಲ್ಲ ನಾನು ತಮಗೆ ಬಾಡಿಗೆ ಕೊಡುತ್ತಿದ್ದೆನೆಂಬುದು ಗೊತ್ತಾಗಿ, ತಮ್ಮ ಮೇಲಿನ ಕೋಪವು ಅರ್ಧಕ್ಕೆ ಇಳಿಯಿತು. ಉಳಿದದ್ದು 212. ಅವುಗಳನ್ನು ತಮ್ಮಲ್ಲಿಯೂ ಇರಿಸಿ, ಹೊಸದಾಗಿ ಕೊಂಡ ಎರಡು ಡಬ್ಬಿಗಳಲ್ಲಿಯೂ ತುಂಬಿಸಿ, ಒಂದನ್ನು ಬಬಲೇಶ್ವರದ ತಂಗಿಯ ಮನೆಯಲ್ಲಿಟ್ಟಿದ್ದೇನೆ. ವರ್ಷಕ್ಕೊಮ್ಮೆ ಜೋಡಿಸಿ ನೋಡಬೇಕೆಂದು ಹೇಳಿ ಬಂದರೆ, ಅವಳು ಅದನ್ನು ಜಗಲಿಯ ಮೇಲಿರಿಸಿ ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಿದ್ದಾಳೆ.

ಆ 212ರಲ್ಲಿ ಒಂದು ಚಿತ್ರವು ಫೋನಿನದಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಗುಡಾರದ ಸ್ಟುಡಿಯೋ ಒಂದರಲ್ಲಿ, ನನ್ನ ತಂದೆತಾಯಿಗಳು ಹಲಗೆಯ ವಿಮಾನದೊಳಗೆ ಕುಳಿತು ತೆಗೆಸಿಕೊಂಡದ್ದು. ಅವ್ವನು ವಿಮಾನವು ನಿಜವಾಗಿಯೇ ಹಾರೀತೆಂಬಂತೆ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಾಳೆ. ಹಿಂದಿನ ಪರದೆಯ ಮೇಲೆ ಸುಣ್ಣದಂಥ ಬಿಳಿಯ ಬಣ್ಣದ ಮೂರು ಮೋಡಗಳು. ಮೂಲೆಯನ್ನು ಗೆದ್ದಲು ತಿಂದಿದೆ. ಮುಖಗಳಿಗೆ ಏನೂ ಆಗಿಲ್ಲ. ಬಾಡಿಗೆ ಕೇಳದೆ ಐವತ್ತು ವರ್ಷಕ್ಕೂ ಮಿಗಿಲಾಗಿ ನನ್ನ ಅವ್ವನನ್ನು ಕಾಪಾಡಿದ ಮೇಘಗಳು ನನ್ನ ಅರಿವಿನಲ್ಲಿ ಇವು ಮೂರೇ.

ಕಡೆಯದಾಗಿ ಒಂದು ವಿಜ್ಞಾಪನೆ. ತಮಗೆ ಮೇಲಿನ ನಿಜವಾದ ಮೇಘಗಳೊಡನೆ ಹೆಸರಿನ ನಂಟಾದರೂ ಇರುವುದರಿಂದ ಕೇಳಿಕೊಳ್ಳುತ್ತಿದ್ದೇನೆ: ದ್ರಾಕ್ಷಿಯು ಮೊನ್ನೆಯಷ್ಟೇ ಶೆಡ್ಡಿನ ಬಲೆಯ ಮೇಲೆ ಬಿದ್ದಿದೆ, ಒಣಗುವುದಕ್ಕೆ ಇನ್ನೂ ಹನ್ನೆರಡು ದಿನಗಳು ಬೇಕು. ಅಲ್ಲಿಯವರೆಗೆ ಅವರು ಈ ಕಡೆಗೆ ಬಾರದಂತೆ ದಯಮಾಡಿ ಒಂದು ಮಾತು ಹೇಳತಕ್ಕದ್ದು.

ಇತಿ ತಮ್ಮ ವಿಧೇಯ ಬಾಡಿಗೆದಾರ