ಜಡ-ಜಡ ಭೇದ ಅರ್ಥಾತ್ ಕ್ಯೂಬೆಲ್‌ವಾಗನ್ ಕ್ಷಯ ಮೀಮಾಂಸೆ

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರನ್ನು ಹೊತ್ತು ತಿರುಗಿದ ಕ್ಯೂಬೆಲ್‌ವಾಗನ್ ಎಂಬ ತಗಡಿನ ಬಂಡಿಯ ಬಗ್ಗೆ ಚರಿತ್ರಕಾರರು ಬೇಕಾದಷ್ಟು ಬರೆದಿದ್ದಾರೆ. ಅದರ ಎಂಜಿನ್ನಿನ ಮೈಮೇಲಿನ ಬಿಳಿ ಪುಡಿಯನ್ನು ಮಾತ್ರ ವಿದ್ವತ್ ಲೋಕ ಈವರೆಗೆ ಪೊರಕೆಯಿಂದಷ್ಟೇ ವಿಚಾರಿಸಿಕೊಂಡಿದೆ. ಆ ಕೊರತೆ ನೀಗಲೆಂದೇ ಈ ಪ್ರಬಂಧ.

ಪೋರ್ಷೆ ವಿನ್ಯಾಸದ ಈ ಬಂಡಿಯಲ್ಲಿ ಎಂಜಿನ್ನಿನ ಕವಚವಾದ ಕ್ರ್ಯಾಂಕ್‌ಕೇಸು ಮೆಗ್ನೀಷಿಯಂ ಮಿಶ್ರಲೋಹದ ಎರಕ. ಘನ ಸೆಂಟಿಮೀಟರಿಗೆ 1.74 ಗ್ರಾಂ ತೂಗುವ ಮೆಗ್ನೀಷಿಯಂ ಎದುರು 2.7 ಗ್ರಾಂನ ಅಲ್ಯೂಮಿನಿಯಂ ಸ್ಥೂಲಕಾಯವೇ ಸರಿ. ಮೊದಲು 985 ಸಿಸಿ, 1943ರಿಂದ 1131 ಸಿಸಿ ಇದ್ದ ಈ ಎಂಜಿನ್ ಗಾಳಿಯಿಂದಲೇ ತಣಿಯುತ್ತಿತ್ತು. ಅದಕ್ಕೆ ನೀರಿನ ಹಂಗಿರಲಿಲ್ಲ. ನೀರು ಮಾತ್ರ ಅದನ್ನು ಬಿಡಲಿಲ್ಲ. ಶೆಡ್ಡಿನ ತೇವದಲ್ಲಿ ದಶಕಗಟ್ಟಲೆ ಕುಳಿತ ಕೇಸು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಆಗಿ ಉದುರತೊಡಗುತ್ತದೆ. ಹೊಟ್ಟೆಯುರಿಗೆ ಕುಡಿಯುವ ಬಿಳಿ ಔಷಧಿಯೂ ಇದೇ. ಮಾಲೀಕನ ಹೊಟ್ಟೆಯುರಿಗೆ ಕಾರಣವೂ ಇದೇ ಆಗಿರುವುದರಿಂದ, ರೋಗ ಮತ್ತು ಮದ್ದಿನ ಅಭೇದ ಇಲ್ಲಿಗೆ ಸಿದ್ಧವಾಯಿತು.

ಅಭೇದವಾದ ಅಷ್ಟಕ್ಕೇ ನಿಲ್ಲಬೇಕು. ಉಕ್ಕಿನ ಬೋಲ್ಟು ಮೆಗ್ನೀಷಿಯಂಗೆ ತಾಗಿ ಕೂತು, ನಡುವೆ ಉಪ್ಪುನೀರು ಸೇರಿತೋ, ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಉಕ್ಕು ಕ್ಷೇಮ, ಮೆಗ್ನೀಷಿಯಂ ಸ್ವಾಹಾ. ಬೋಲ್ಟಿನ ತಲೆಯ ಸುತ್ತ ಬೆರಳಾಡಿಸಿದರೆ ಸಿಗುವ ಕುಳಿಯೇ ಪ್ರತ್ಯಕ್ಷ ಪ್ರಮಾಣ. ಮಧ್ವಾಚಾರ್ಯರ ಪಂಚಭೇದಗಳಲ್ಲಿ, ಒಂದು ಜಡವಸ್ತು ಇನ್ನೊಂದರಿಂದ ಬೇರೆ ಎನ್ನುವ ಜಡ-ಜಡ ಭೇದವೂ ಒಂದು. ಗ್ಯಾರೇಜಿನಲ್ಲಿ ಅದನ್ನು ಅಲ್ಯೂಮಿನಿಯಂ ವಾಷರು ಮತ್ತು ಸೀಲೆಂಟು ಸ್ಥಾಪಿಸುತ್ತವೆ. (ಉಡುಪಿಯ ಪಂಡಿತರು ಕ್ಷಮಿಸಬೇಕು.)

ಚಿಕಿತ್ಸೆಯಲ್ಲಿ ಎರಡು ಪಂಥಗಳುಂಟು. ಲೇಪನವಾದಿಗಳು ನೈಲಾನ್ ಬ್ರಶ್ಶಿನಿಂದ ಪುಡಿ ಕೆರೆದು, ಕ್ರೋಮೇಟ್ ದ್ರಾವಣ ಹಚ್ಚಿ, ಚೆನ್ನಾಗಿ ಒಣಗಿಸಿ, ಕುಳಿಗೆ ಎಪಾಕ್ಸಿ ತುಂಬುತ್ತಾರೆ. ಉಕ್ಕಿನ ಬ್ರಶ್ಶು ಅವರಿಗೆ ನಿಷಿದ್ಧ. ಅದು ಬಿಟ್ಟುಹೋಗುವ ಒಂದೊಂದು ಕಣವೂ ಹೊಸ ಬ್ಯಾಟರಿ. ಕ್ರೋಮೇಟ್ ಕ್ಯಾನ್ಸರ್‌ಕಾರಕವಾದ್ದರಿಂದ ಕೈಗವಸು ತೊಡದ ಲೇಪನವಾದಿಯ ಗುರುಪರಂಪರೆ ಬೆಳೆಯುವುದು ಕಷ್ಟ. ಬೆಸುಗೆವಾದಿಗಳಿಗೆ ಎಪಾಕ್ಸಿ ಬರೀ ಮಾಯೆ. ಅವರು ಕೇಸನ್ನು ಮೊದಲೇ ಕಾಯಿಸಿ, ಆರ್ಗಾನ್ ಅನಿಲದ ಮರೆಯಲ್ಲಿ ಮೆಗ್ನೀಷಿಯಂ ಕಡ್ಡಿಯಿಂದಲೇ ಟಿಗ್ ವೆಲ್ಡಿಂಗ್ ಮಾಡುತ್ತಾರೆ. ಭಾರ ಹೊರುವ ಕಡೆ ಬಿರುಕು ಬಿಟ್ಟಿದ್ದರೆ ಬೆಸುಗೆವಾದಿಗಳದೇ ಸಿದ್ಧಾಂತ. ಮೇಲ್ಮೈಯ ಸಣ್ಣ ಕುಳಿಗಳಿಗೆ ಮಾಯೆಯೇ ಸಾಕು.

ಓದುಗರಲ್ಲಿ ಒಂದು ವಿನಂತಿ. ಉಜ್ಜುವಾಗ ಉದುರಿದ ಮೆಗ್ನೀಷಿಯಂ ಚೂರು ಹೊತ್ತಿಕೊಂಡರೆ ನೀರು ಹೊಯ್ಯಬೇಡಿ; ಜಲಜನಕ ಹುಟ್ಟಿ ಉರಿ ಇನ್ನೂ ಹೆಚ್ಚುತ್ತದೆ. ಬಕೆಟ್ ಹಿಡಿದು ಓಡಿಬರುವ ಹಿತೈಷಿಗಳನ್ನು ಗೇಟಿನಲ್ಲೇ ತಡೆದು, ಒಣ ಮರಳು ತಂದವರನ್ನಷ್ಟೇ ಒಳಗೆ ಬಿಡಿ.