ಕೀಬೋರ್ಡಿನ ಕಂಟ್ರೋಲರ್ ಬೋರ್ಡ್ ಮಾಡಿ ಮಾರಲು ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ,

ಹವ್ಯಾಸಿಗಳು ಸ್ವತಃ ಕಟ್ಟಿಕೊಳ್ಳುವ ಮೆಕ್ಯಾನಿಕಲ್ ಕೀಬೋರ್ಡುಗಳಿಗಾಗಿ ನೀವು ಒಂದು ಪುಟ್ಟ ಕಂಟ್ರೋಲರ್ ಬೋರ್ಡ್ ವಿನ್ಯಾಸ ಮಾಡಿದ್ದೀರಿ. ಬೇಕಾದವರ ಪಟ್ಟಿ ಸಿದ್ಧವಾಗಿದೆ, ಮುಂಗಡ ಹಣ ಬರತೊಡಗಿದೆ, ಫ್ಯಾಕ್ಟರಿಗೆ ಬೋರ್ಡಿನ ನಕ್ಷೆಯ ಗರ್ಬರ್ ಫೈಲ್ ಕಳಿಸುವುದೊಂದೇ ಬಾಕಿ. ಆ ಫೈಲ್ ಹೋಗುವ ಮುನ್ನ ಈ ಪತ್ರವನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ನಾನು ಇಂಥ ಬೋರ್ಡುಗಳಿಗೆ ಬೆಸುಗೆ ಹಾಕುವವನು, ಕೆಟ್ಟವನ್ನು ಬಿಚ್ಚಿ ನೋಡುವವನು, ಎಲ್ಲಕ್ಕಿಂತ ಹೆಚ್ಚಾಗಿ ಅವುಗಳ ಮೇಲೆ ದಿನವಿಡೀ ಕನ್ನಡ ಬರೆಯುವವನು. ನಿಮ್ಮಂತೆ ಹೊರಟಿರುವ ಇನ್ನೂ ಕೆಲವರಿದ್ದಾರೆ. ಅವರಿಗೂ ತಲುಪಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೊಸದೊಂದು ಬೋರ್ಡ್ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ನಿಮ್ಮ ಪರ ನಿಲ್ಲುತ್ತೇನೆ. ಈ ಹವ್ಯಾಸವನ್ನು ಇಷ್ಟು ವರ್ಷ ಹೊತ್ತು ತಂದದ್ದು ಸ್ಪಾರ್ಕ್‌ಫನ್ ಕಂಪನಿ ರೂಪಿಸಿದ ಪ್ರೊ ಮೈಕ್ರೊ ಬೋರ್ಡ್ ಮತ್ತು ಅದರ ಲೆಕ್ಕವಿಲ್ಲದಷ್ಟು ನಕಲುಗಳು. ಸುಮಾರು 33 ಮಿಲಿಮೀಟರ್ ಉದ್ದ, 18 ಮಿಲಿಮೀಟರ್ ಅಗಲ. ಅದರ ಮೇಲೆ ಎಟಿಮೆಗಾ32ಯು4 ಎಂಬ ಚಿಪ್: 32 ಕಿಲೊಬೈಟ್ ಫ್ಲ್ಯಾಶ್, ಎರಡೂವರೆ ಕಿಲೊಬೈಟ್ ರ‍್ಯಾಮ್. ಇಷ್ಟೇ ಬಂಡವಾಳದಲ್ಲಿ ಕಾರ್ನ್, ಲಿಲಿ58, ಸೋಫ್ಲೆಯಂಥ ಎರಡು ಹೋಳಿನ ಕೀಬೋರ್ಡುಗಳು ಜಗತ್ತಿನಾದ್ಯಂತ ಮನೆಮನೆಗಳಲ್ಲಿ ತಯಾರಾದವು. ಅದಕ್ಕೆ ನಾವೆಲ್ಲ ಋಣಿಗಳು. ಆದರೆ 2021ರ ಚಿಪ್ ಕೊರತೆಯ ಕಾಲದಲ್ಲಿ ಆ ಚಿಪ್ ಸಿಗುವುದೇ ಕಷ್ಟವಾಯಿತು. ಇಂಥ ಕೀಬೋರ್ಡುಗಳನ್ನು ನಡೆಸುವ ಕ್ಯುಎಂಕೆ ಫರ್ಮ್‌ವೇರಿನಲ್ಲಿ ದೀಪ, ಪುಟ್ಟ ಪರದೆ, ಮ್ಯಾಕ್ರೊ ಎಂದು ಒಂದೊಂದಾಗಿ ಸೇರಿಸುತ್ತ ಹೋದರೆ 32 ಕಿಲೊಬೈಟ್ ನೋಡನೋಡುತ್ತಲೇ ತುಂಬಿಹೋಗುತ್ತದೆ. ಅದೇ ವರ್ಷ ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2040 ಬಂತು. ಒಂದು ಡಾಲರಿನ ಚಿಪ್, 264 ಕಿಲೊಬೈಟ್ ರ‍್ಯಾಮ್, 30 ಜಿಪಿಐಒ ಪಿನ್. ನೀವು ಅದನ್ನೇ ಆರಿಸಿಕೊಂಡಿದ್ದೀರಿ. ಒಳ್ಳೆಯ ಆಯ್ಕೆ.

ಪಿನ್ನುಗಳ ಸಂಖ್ಯೆಗೆ ಇಲ್ಲಿ ಎಷ್ಟು ಬೆಲೆ ಎಂಬುದು ನಿಮಗೆ ಗೊತ್ತು, ಓದುತ್ತಿರುವ ಇತರರಿಗಾಗಿ ಹೇಳುತ್ತೇನೆ. ಒಂದೊಂದು ಕೀಲಿಗೂ ಒಂದೊಂದು ಪಿನ್ ಕೊಡಲಾಗದು. ಹಾಗಾಗಿ ಕೀಲಿಗಳನ್ನು ಟಾಕೀಸಿನ ಸೀಟುಗಳಂತೆ ಸಾಲು ಮತ್ತು ಕಂಬದಿಂದ (ಕಾಲಮ್) ಗುರುತಿಸುತ್ತಾರೆ. ಚಿಪ್ ಒಂದೊಂದೇ ಸಾಲನ್ನು ಎಬ್ಬಿಸಿ, ಯಾವ ಕಂಬದಲ್ಲಿ ಸದ್ದು ಬಂತೆಂದು ನೋಡುತ್ತದೆ. ಹಲವು ಕೀಲಿ ಒಟ್ಟಿಗೆ ಒತ್ತಿದಾಗ ಒತ್ತದ ಕೀಲಿಯೂ ಒತ್ತಿದಂತೆ ಕಾಣಬಾರದೆಂದು ಪ್ರತಿ ಸ್ವಿಚ್ಚಿಗೂ ಒಂದು 1ಎನ್4148 ಡಯೋಡ್ ಕೂರಿಸುತ್ತಾರೆ. ಈಗ 61 ಕೀಲಿಯ ಸಾಮಾನ್ಯ ಸಣ್ಣ ಕೀಬೋರ್ಡ್ ತೆಗೆದುಕೊಳ್ಳಿ: ಐದು ಸಾಲು, ಹದಿನಾಲ್ಕು ಕಂಬ, ಒಟ್ಟು 19 ಪಿನ್. ಪ್ರೊ ಮೈಕ್ರೊ ಹೊರಗೆ ಕೊಡುವುದು 18. ಒಂದೇ ಒಂದು ಪಿನ್ ಸಾಲದೆ ವಿನ್ಯಾಸಕಾರರು ಕೀಲಿಗಳನ್ನು ಎಂಟು ಸಾಲು, ಎಂಟು ಕಂಬವಾಗಿ ಮರುಜೋಡಿಸಿ, ಟ್ರೇಸುಗಳನ್ನು ಸುತ್ತಿಸಿ ಬಳಸಿ ಎಳೆಯುತ್ತಾರೆ. ಪ್ರೊ ಮೈಕ್ರೊ ಮಾದರಿಯ ಎಲೀಟ್-ಸಿ ಬೋರ್ಡ್ ಕೆಳಗಿನ ಅಂಚಿನಲ್ಲಿ ಐದು ಪಿನ್ ಹೆಚ್ಚಿಗೆ ಕೊಟ್ಟದ್ದು ಇಂಥ ಕೊರತೆಯನ್ನು ನೀಗಲು. ನಿಮ್ಮ ಚಿಪ್ಪಿನಲ್ಲಿ ಪಿನ್ ಧಾರಾಳವಾಗಿವೆ. ಹಳೆಯ ಅಳತೆಯಲ್ಲೇ ಬೋರ್ಡ್ ಕೂರಬೇಕೆಂಬ ನಿಮ್ಮ ಹಟ ಸರಿ, ಆದರೆ ಆ ಕೆಳಗಿನ ಅಂಚನ್ನು ಖಾಲಿ ಬಿಡಬೇಡಿ.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ನಿಮ್ಮ ಪ್ರಚಾರದ ಚಿತ್ರದಲ್ಲಿ ಚಿಪ್ಪಿನ ಹೆಸರು ದೊಡ್ಡದಾಗಿದೆ, ಬೋರ್ಡಿನ ಬಣ್ಣ ಚೆಂದವಾಗಿದೆ, ಚಿನ್ನದ ಲೇಪವಿದೆ. ಆದರೆ ಇಂಥ ಬೋರ್ಡ್ ಕೆಡುವುದು ಸಾಮಾನ್ಯವಾಗಿ ಚಿಪ್ಪಿನಿಂದಲ್ಲ. ಕೆಡುವುದು ಪೋರ್ಟಿನ ಬಳಿ, ರೂಪಾಯಿಯೂ ಬಾಳದ ಬಿಡಿಭಾಗಗಳ ಬಳಿ.

ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಪೋರ್ಟನ್ನು ನೆನಪಿಸಿಕೊಳ್ಳಿ. ಅದು ಬೋರ್ಡಿನ ಮೇಲ್ಮೈಗೆ ಬರೀ ಬೆಸುಗೆಯಿಂದ ಅಂಟಿಕೊಂಡಿರುತ್ತದೆ. ಕೇಬಲ್ ಸಿಕ್ಕಿಸಿರುವಾಗ ಯಾರದೋ ಕಾಲು ತಗುಲಿ ಒಮ್ಮೆ ಮೇಲಕ್ಕೆ ಜಗ್ಗಿದರೆ ಸಾಕು, ಪೋರ್ಟ್ ಮಾತ್ರವಲ್ಲ, ಅದರಡಿಯ ತಾಮ್ರದ ಪ್ಯಾಡುಗಳೂ ಸಿಪ್ಪೆಯೆದ್ದು ಬರುತ್ತವೆ. ಪ್ಯಾಡ್ ಹೋದ ಮೇಲೆ ಬೆಸುಗೆಗೆ ಹಿಡಿತವಿಲ್ಲ. ಭೂತಗನ್ನಡಿ ಹಿಡಿದು, ಡಿ ಪ್ಲಸ್ ಮತ್ತು ಡಿ ಮೈನಸ್ ಎಂಬ ದತ್ತಾಂಶದ ಟ್ರೇಸುಗಳ ಮೇಲಿನ ಹಸಿರು ಲೇಪವನ್ನು ಬ್ಲೇಡಿನಿಂದ ಕೆರೆದು, ಕೂದಲೆಳೆಯಂಥ ತಂತಿ ಎಳೆದು ಜೋಡಿಸಬೇಕು. ಅದೂ ಎಷ್ಟು ದಿನ ಬಾಳುತ್ತದೆಂದು ಹೇಳಲಾಗದು. ಅದಕ್ಕೇ ಅನುಭವಿಗಳು ಹೊಸ ಬೋರ್ಡ್ ಕೈಗೆ ಬಂದ ಕೂಡಲೇ ಪೋರ್ಟಿನ ಸುತ್ತ ಎಪಾಕ್ಸಿ ಅಂಟು ಹಾಕಿಬಿಡುತ್ತಾರೆ. ಕೊಂಡವರು ಮೊದಲ ದಿನವೇ ಅಂಟು ಹಚ್ಚಬೇಕಾದ ವಸ್ತುವನ್ನು ದಯವಿಟ್ಟು ಮಾರಬೇಡಿ. ಕವಚದ ಕಾಲುಗಳು ಬೋರ್ಡಿನ ತೂತಿನೊಳಗೆ ಇಳಿದು ಬೆಸೆದುಕೊಳ್ಳುವಂಥ ಟೈಪ್-ಸಿ ಪೋರ್ಟುಗಳಿವೆ. ಕೀಬೋರ್ಡ್ ಮಾಡುವವರು ಬಹಳ ಕಾಲದಿಂದ ಬಳಸುತ್ತಿರುವ ಎಚ್‌ಆರ್‌ಒ ಕಂಪನಿಯ ಟೈಪ್-ಸಿ-31-ಎಂ-12 ಅಂಥದ್ದು. ಮುಂದೆ ಪೂರ್ತಿ ಕೀಬೋರ್ಡಿನ ಪಿಸಿಬಿಯನ್ನೇ ಮಾಡುವಿರಾದರೆ ಯುನಿಫೈಡ್ ಡಾಟರ್‌ಬೋರ್ಡಿನ ದಾರಿ ಹಿಡಿಯಿರಿ. ಅಲ್ಲಿ ಪೋರ್ಟ್ ಬೇರೆಯೇ ಒಂದು ತುಣುಕಿನ ಮೇಲಿರುತ್ತದೆ, ನಾಲ್ಕು ತಂತಿಯ ಕೇಬಲ್ಲಿನಿಂದ ಮುಖ್ಯ ಬೋರ್ಡಿಗೆ ಸೇರುತ್ತದೆ. ಮುರಿದರೆ ಆ ತುಣುಕನ್ನಷ್ಟೇ ಬದಲಿಸಿದರಾಯಿತು.

ಪೋರ್ಟ್ ಟೈಪ್-ಸಿ ಆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದರಲ್ಲಿ ಸಿಸಿ1, ಸಿಸಿ2 ಎಂಬ ಎರಡು ಪಿನ್ನುಗಳಿವೆ. ಎರಡಕ್ಕೂ ಒಂದೊಂದು 5.1 ಕಿಲೊ ಓಮಿನ ರೆಸಿಸ್ಟರ್ ಹಾಕಿ ಗ್ರೌಂಡಿಗೆ ಸೇರಿಸಬೇಕು. ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಸಿಕ್ಕಿಸಿದಾಗ ಲ್ಯಾಪ್‌ಟಾಪ್ ಮೊದಲು ಹುಡುಕುವುದು ಈ ರೆಸಿಸ್ಟರನ್ನೇ. ಅದು ಕಂಡರೆ ಮಾತ್ರ ಐದು ವೋಲ್ಟ್ ಬಿಡುತ್ತದೆ. ಕಾಣದಿದ್ದರೆ ಬೋರ್ಡ್ ಸತ್ತಂತೆ ಬಿದ್ದಿರುತ್ತದೆ. ಹಳೆಯ ಚಪ್ಪಟೆ ಟೈಪ್-ಎ ತುದಿಯ ಕೇಬಲ್ಲಿನಲ್ಲಿ ಈ ಹುಡುಕಾಟವೇ ಇಲ್ಲ, ವಿದ್ಯುತ್ ಸದಾ ಹರಿಯುತ್ತಿರುತ್ತದೆ. ಹಾಗಾಗಿ ತಯಾರಿಸಿದವರ ಮೇಜಿನ ಮೇಲೆ ಹಳೆಯ ಕೇಬಲ್ಲಿಗೆ ಚೆನ್ನಾಗಿಯೇ ನಡೆದ ಬೋರ್ಡ್, ಕೊಂಡವರ ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಮಿಸುಕುವುದಿಲ್ಲ. ಕೊಂಡವರು ತಮ್ಮ ಬೆಸುಗೆಯನ್ನೇ ಅನುಮಾನಿಸಿ, ಸರಿಯಿದ್ದ ಜೋಡಣೆಯನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತ ಕೂರುತ್ತಾರೆ. ಎರಡು ಪಿನ್ನಿಗೂ ಸೇರಿಸಿ ಒಂದೇ ರೆಸಿಸ್ಟರ್ ಹಾಕಿ ಉಳಿಸೋಣ ಎಂದುಕೊಳ್ಳಬೇಡಿ. 2019ರ ರಾಸ್ಪ್‌ಬೆರಿ ಪೈ 4ರ ಮೊದಲ ಆವೃತ್ತಿಯಲ್ಲಿ ಹಾಗೇ ಆಗಿತ್ತು. ಒಳಗೆ ಗುರುತಿನ ಚಿಪ್ ಇರುವ ಕೆಲವು ಒಳ್ಳೆಯ ಕೇಬಲ್ಲುಗಳಿಗೆ ಅದು ಆಡಿಯೊ ಸಾಧನದಂತೆ ಕಂಡು, ವಿದ್ಯುತ್ತೇ ಬರುತ್ತಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಪರೀಕ್ಷೆಯಲ್ಲೇ ಜಾರಿಹೋದ ವಿಷಯವಿದು. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯವರನ್ನು ಕೇಳಿದರೂ ರೆಸಿಸ್ಟರಿನ ಬೆಲೆ ಹೇಳುತ್ತಾರೆ. ಉಳಿಸಲು ಅಲ್ಲಿ ಏನೂ ಇಲ್ಲ.

ಡಿ ಪ್ಲಸ್, ಡಿ ಮೈನಸ್ ದಾರಿಯಲ್ಲಿ ಸ್ಥಿರವಿದ್ಯುತ್ತಿನ ಹೊಡೆತ ತಡೆಯುವ ಯುಎಸ್‌ಬಿಎಲ್‌ಸಿ6-2ರಂಥ ಭಾಗವೊಂದನ್ನು ಪೋರ್ಟಿಗೆ ಹತ್ತಿರದಲ್ಲೇ ಇಡಿ. ಐದು ವೋಲ್ಟಿನ ದಾರಿಯಲ್ಲಿ ತಾನೇ ಮತ್ತೆ ಸರಿಹೋಗುವ ಫ್ಯೂಸ್ ಇರಲಿ. ಬಣ್ಣದ ದೀಪ ಹಾಕಿಕೊಳ್ಳುವವರು ನಿಮ್ಮ ಗ್ರಾಹಕರಲ್ಲಿ ಇದ್ದೇ ಇರುತ್ತಾರೆ. ಒಂದು ಡಬ್ಲ್ಯುಎಸ್2812ಬಿ ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪಿಯರ್ ಎಳೆಯಬಲ್ಲದು. 61 ಕೀಲಿಗೆ ಲೆಕ್ಕ ಹಾಕಿದರೆ ಮೂರೂವರೆ ಆಂಪಿಯರ್ ದಾಟುತ್ತದೆ. ಯುಎಸ್‌ಬಿ 2.0 ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ಫರ್ಮ್‌ವೇರಿನಲ್ಲಿ ಬೆಳಕಿಗೆ ಮಿತಿ ಹಾಕಿಯೇ ಕಳಿಸಿ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಪ್ರೊ ಮೈಕ್ರೊ ಸಾಮಾನ್ಯವಾಗಿ ಐದು ವೋಲ್ಟಿನದು, ನಿಮ್ಮ ಚಿಪ್ 3.3 ವೋಲ್ಟಿನದು. ಐದು ವೋಲ್ಟಿನಲ್ಲಿ ನಡೆಯುವ ಆ ಎಲ್‌ಇಡಿ ಕನಿಷ್ಠ 3.5 ವೋಲ್ಟಿನ ಸಂಕೇತ ಬಯಸುತ್ತದೆ. ಒಬ್ಬರ ಮನೆಯಲ್ಲಿ ಸರಿಯಾಗಿ ಉರಿದದ್ದು ಇನ್ನೊಬ್ಬರಲ್ಲಿ ಮಿಣಮಿಣ ಅನ್ನುವುದಕ್ಕೆ ಇದೇ ಕಾರಣವಿರಬಹುದು. ಹಳೆಯ ಬೋರ್ಡಿನ ಜಾಗದಲ್ಲಿ ನೇರ ಕೂರುತ್ತದೆ ಎಂದು ನೀವು ಬರೆದುಕೊಂಡಿದ್ದೀರಿ. ಅಳತೆಯಲ್ಲಿ ಕೂರುತ್ತದೆ, ವೋಲ್ಟೇಜಿನಲ್ಲಿ ಕೂರುವುದಿಲ್ಲ. ಯಾವ ಪಿನ್ನಿನಲ್ಲಿ ಐದು, ಯಾವುದರಲ್ಲಿ 3.3 ಎಂಬುದನ್ನು ಬೋರ್ಡಿನ ಬೆನ್ನ ಮೇಲೆ ಅಚ್ಚು ಹಾಕಿಸಿ.

ಆರ್‌ಪಿ2040ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಯಾರಕರೇ ಪ್ರಕಟಿಸಿರುವ ಹಾರ್ಡ್‌ವೇರ್ ವಿನ್ಯಾಸದ ಕೈಪಿಡಿಯಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್, ಯುಎಸ್‌ಬಿ ದಾರಿಯ 27 ಓಮಿನ ರೆಸಿಸ್ಟರುಗಳು, ಹೊರಗಿನ ಫ್ಲ್ಯಾಶ್ ಎಲ್ಲವೂ ಚಿತ್ರಸಮೇತ ಇವೆ. ಅದನ್ನು ಅನುಸರಿಸಿ. ನೂರು ನ್ಯಾನೊಫ್ಯಾರಡ್ ಕೆಪ್ಯಾಸಿಟರುಗಳನ್ನು ಚಂದ ಕಾಣಲೆಂದು ಸಾಲಾಗಿ ದೂರ ನಿಲ್ಲಿಸದೆ ಆಯಾ ಪವರ್ ಪಿನ್ನಿಗೆ ಅಂಟಿದಂತೆ ಇಡಿ. ಬೂಟ್ ಬಟನ್ ಮಾತ್ರ ಮರೆಯಬೇಡಿ. ಈ ಚಿಪ್ಪಿನ ಬೂಟ್‌ಲೋಡರ್ ಫ್ಲ್ಯಾಶ್‌ನಲ್ಲಲ್ಲ, ಅಳಿಸಲಾಗದ ರೋಮ್‌ನಲ್ಲಿದೆ. ಬಟನ್ ಒತ್ತಿ ಹಿಡಿದು ಕೇಬಲ್ ಸಿಕ್ಕಿಸಿದರೆ ಬೋರ್ಡ್ ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ, ಎಂಥ ತಪ್ಪು ಫರ್ಮ್‌ವೇರ್ ಹಾಕಿದ್ದರೂ ಮತ್ತೆ ಸರಿಪಡಿಸಬಹುದು. ಈ ವರವನ್ನು ಕೀಬೋರ್ಡಿನ ಹೊಟ್ಟೆಯೊಳಗೆ, ಸ್ವಿಚ್ಚುಗಳ ಅಡಿಯಲ್ಲಿ, ಬೆರಳು ಹೋಗದ ಕಡೆ ಹುದುಗಿಸಿಟ್ಟರೆ ಏನು ಪ್ರಯೋಜನ?

ಕನ್ನಡ ಬರೆಯುವವನೆಂದು ಹೇಳಿಕೊಂಡೆನಲ್ಲ, ಆ ಹಕ್ಕಿನಿಂದ ಇನ್ನೊಂದು ಮಾತು. ಕೀಬೋರ್ಡ್ ಅಕ್ಷರವನ್ನು ಕಳಿಸುವುದಿಲ್ಲ, ಸಂಖ್ಯೆಯನ್ನು ಕಳಿಸುತ್ತದೆ. ಎಫ್ ಕೀಲಿಯ ಸಂಖ್ಯೆ 9, ಕೆ ಕೀಲಿಯದು 14. ಅದನ್ನು ಇಂಗ್ಲಿಷ್ ಕೆ ಮಾಡುವುದೋ ನಮ್ಮ ಕ ಮಾಡುವುದೋ ಕಂಪ್ಯೂಟರಿಗೆ ಬಿಟ್ಟದ್ದು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ ‘ಕ್ಕ’ ಮೂಡಬೇಕಾದರೆ ಕೆ, ಎಫ್, ಕೆ ಒತ್ತಬೇಕು. ಒತ್ತಕ್ಷರವಿಲ್ಲದ ಕನ್ನಡ ವಾಕ್ಯ ಅಪರೂಪ; ಹಾಗಾಗಿ ಎಡಗೈ ತೋರುಬೆರಳು ದಿನವಿಡೀ ಎಫ್ ಮೇಲೆಯೇ ದುಡಿಯುತ್ತದೆ. ನಿಮ್ಮಂಥವರ ಬೋರ್ಡ್ ಮತ್ತು ಕ್ಯುಎಂಕೆ ಇದ್ದರೆ ಆ ಸಂಖ್ಯೆ 9 ಅನ್ನು ಹೆಬ್ಬೆರಳಿನ ಕೀಲಿಗೆ ಇಳಿಸಬಹುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೀಬೋರ್ಡ್ ಈ ಸ್ವಾತಂತ್ರ್ಯ ಕೊಡುವುದಿಲ್ಲ. ಕನ್ನಡದ ಬೆರಳುಗಳಿಗೆ ತಕ್ಕ ಕೀಬೋರ್ಡನ್ನು ಯಾವುದೋ ದೊಡ್ಡ ಕಂಪನಿ ಮಾಡಿಕೊಡಲಿ ಎಂದು ಕಾಯಬೇಕಿಲ್ಲ, ನಾವೇ ಮಾಡಿಕೊಳ್ಳಬಹುದು. ನಿಮ್ಮ ಕೆಲಸದ ಬಗ್ಗೆ ನನಗೆ ಇಷ್ಟು ಕಾಳಜಿ ಇರುವುದು ಅದಕ್ಕೇ.

ಆ ಕ್ಯುಎಂಕೆ ಜಿಪಿಎಲ್ ಪರವಾನಗಿಯಲ್ಲಿದೆ. ನೀವು ಅದನ್ನು ತಿದ್ದಿ ಬೋರ್ಡಿಗೆ ತುಂಬಿ ಮಾರಿದರೆ, ತಿದ್ದಿದ ಮೂಲವನ್ನೂ ಕೊಂಡವರಿಗೆ ಕೊಡಬೇಕಾದ್ದು ಕರಾರು. ಯುಎಸ್‌ಬಿ ಗುರುತಿನ ಸಂಖ್ಯೆಗೆ ಸಾವಿರಾರು ಡಾಲರ್ ಕೊಡಲಾಗದೆ ಯಾರದೋ ಸಂಖ್ಯೆ ಎತ್ತಿಕೊಳ್ಳುವ ಅಗತ್ಯವೂ ಇಲ್ಲ; ಮುಕ್ತ ವಿನ್ಯಾಸಗಳಿಗೆ ಪಿಐಡಿ ಡಾಟ್ ಕೋಡ್ಸ್ ಯೋಜನೆ ಉಚಿತವಾಗಿ ಸಂಖ್ಯೆ ಕೊಡುತ್ತದೆ. ನೀವು ವಿನ್ಯಾಸ ಬಿಡಿಸಿದ ಕೀಕ್ಯಾಡ್ ಕೂಡ 1992ರಲ್ಲಿ ಫ್ರಾನ್ಸಿನ ಅಧ್ಯಾಪಕರೊಬ್ಬರು ಆರಂಭಿಸಿ, ಮುಂದೆ ಸರ್ನ್ ಸಂಸ್ಥೆಯ ನೆರವಿನಿಂದ ಬೆಳೆದು, ಇಂದು ಎಲ್ಲರಿಗೂ ಉಚಿತವಾಗಿ ಸಿಗುವ ತಂತ್ರಾಂಶ. ಉಪಕರಣವೂ ಫರ್ಮ್‌ವೇರೂ ಹೀಗೆ ಬಂದಿರುವಾಗ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಕೇಳಿದರೆ ಕೊಡುವುದಿಲ್ಲ, ನಕಲು ಮಾಡುತ್ತಾರೆ ಎಂಬ ನಿಮ್ಮ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ನಕಲು ಮಾಡುವವರು ಸ್ಕೀಮ್ಯಾಟಿಕ್ ಇಲ್ಲದೆಯೂ ಮಾಡುತ್ತಾರೆ. ಅದಿಲ್ಲದೆ ಕಷ್ಟಪಡುವವರು ಐದು ವರ್ಷದ ನಂತರ ಮಲ್ಟಿಮೀಟರ್ ಹಿಡಿದು, ಯಾವ ಟ್ರೇಸ್ ಎಲ್ಲಿಗೆ ಹೋಗುತ್ತದೆಂದು ತಡಕುವ ರಿಪೇರಿಯವರು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂಗಡ ತೆಗೆದುಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ. ಚೀನಾದ ಫ್ಯಾಕ್ಟರಿಗಳು ಐದು ಬೋರ್ಡುಗಳ ಸಣ್ಣ ಆರ್ಡರನ್ನೂ ತೆಗೆದುಕೊಳ್ಳುತ್ತವೆ. ಮೊದಲು ಐದೇ ಮಾಡಿಸಿ. ಅವನ್ನು ಬೇರೆ ಬೇರೆ ಲ್ಯಾಪ್‌ಟಾಪ್ ಇರುವ ಐವರಿಗೆ ಕೊಟ್ಟು, ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲನ್ನು ನೇರವಾಗಿಯೂ ತಿರುಗಿಸಿಯೂ ಸಿಕ್ಕಿಸಿ ನೋಡಲು ಹೇಳಿ. ಅಷ್ಟೂ ಸರಿಬಂದ ಮೇಲೆ ಸ್ಕೀಮ್ಯಾಟಿಕ್ಕನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಆಮೇಲೆ ಹಣ ಕೇಳಿ. ಆಗ ಪಟ್ಟಿಯಲ್ಲಿ ನನ್ನ ಹೆಸರನ್ನೂ ಬರೆದುಕೊಳ್ಳಿ. ಎರಡು ಬೋರ್ಡ್ ಬೇಕು.

ಇಂತಿ,
ನಿಮ್ಮ ಕೆಲಸದ ಮೇಲೆ ಭರವಸೆ ಇಟ್ಟಿರುವ ಒಬ್ಬ ಹವ್ಯಾಸಿ